ಒಂದೇ ಹೆಸರಿನ ಇಬ್ಬರು ಪೂರ್ವಜರು: ಹಳೆಯ ಅಮೆರಿಕದ ಕ್ರಯಪತ್ರ, ಕೋರ್ಟ್ ಪುಸ್ತಕಗಳಲ್ಲಿ ಅವರನ್ನು ಬೇರ್ಪಡಿಸುವ ಬಗೆ

ಅಮೆರಿಕದ ವಂಶಾವಳಿ ಹುಡುಕಲು ಹೊರಟವರು 1850ರವರೆಗೆ ಸಲೀಸಾಗಿ ಹಿಂದಕ್ಕೆ ಹೋಗಿಬಿಡುತ್ತಾರೆ. ಆ ವರ್ಷದ ಜನಗಣತಿಯಲ್ಲಿ ಮೊದಲ ಸಲ ಮನೆಯ ಸ್ವತಂತ್ರ ಸದಸ್ಯರೆಲ್ಲರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಬರೆದುಕೊಂಡರು. 1790ರಿಂದ 1840ರವರೆಗಿನ ಗಣತಿಗಳಲ್ಲಿ ಸಿಗುವುದು ಮನೆಯ ಯಜಮಾನನ ಹೆಸರು ಮಾತ್ರ. ಉಳಿದವರೆಲ್ಲ ವಯಸ್ಸಿನ ಕಾಲಂಗಳಲ್ಲಿ ಬರೀ ಅಂಕಿ. ಅಲ್ಲಿಂದ ಹಿಂದಕ್ಕೆ ಹೆಜ್ಜೆ ಇಟ್ಟ ಕೂಡಲೇ ಜಾನ್, ವಿಲಿಯಂ, ಥಾಮಸ್‌ಗಳ ಗೊಂದಲ ಶುರುವಾಗುತ್ತದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಅಲ್ಲೂ ಗಟ್ಟಿಯಾಗಿತ್ತು. ನಾಲ್ವರು ಅಣ್ಣತಮ್ಮಂದಿರು ತಂತಮ್ಮ ಮಗನಿಗೆ ಅಪ್ಪನ ಹೆಸರಿಟ್ಟರೆ, ಒಂದೇ ಹಳ್ಳದ ದಂಡೆಯಲ್ಲಿ ಹೆಚ್ಚುಕಡಿಮೆ ಒಂದೇ ಪ್ರಾಯದ, ಒಂದೇ ಹೆಸರಿನ ನಾಲ್ವರು ಬೆಳೆಯುತ್ತಾರೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಎಷ್ಟೋ ಮನೆಗಳಿಗೆ ಈಗ ಅಲ್ಲಿನವರೇ ಸೊಸೆಯಾಗಿ, ಅಳಿಯನಾಗಿ ಬಂದಿದ್ದಾರೆ. ಮೊಮ್ಮಕ್ಕಳಿಗೆ ಎರಡೂ ಕಡೆಯ ವಂಶವೃಕ್ಷ ಬೇಕು. ಆಗ ಎಲ್ಲರೂ ಮಾಡುವುದು ಆನ್‌ಲೈನಿನಲ್ಲಿ ಯಾರೋ ಹಾಕಿಟ್ಟ ವೃಕ್ಷವನ್ನು ಹಾಗೇ ಇಳಿಸಿಕೊಳ್ಳುವ ಕೆಲಸ. ಅಂಥ ವೃಕ್ಷಗಳಲ್ಲಿ ಇಬ್ಬರು ಮನುಷ್ಯರನ್ನು ಒಬ್ಬನನ್ನಾಗಿ ಮಾಡಿರುವುದು ತೀರಾ ಸಾಮಾನ್ಯ. ಒಬ್ಬನೇ ಗಂಡಸು ಒಂದೇ ವರ್ಷ ಎರಡು ಕೌಂಟಿಗಳಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ತೆರಿಗೆ ಕಟ್ಟಿರುತ್ತಾನೆ, ಮೊದಲ ಹೆಂಡತಿ ಬದುಕಿರುವಾಗಲೇ ಎರಡನೆಯವಳಿಗೂ ಮಕ್ಕಳಾಗಿರುತ್ತವೆ. ಇದರಿಂದ ಆಗುವ ನಷ್ಟ ಸಣ್ಣದಲ್ಲ. ನಿಜವಾದ ಒಬ್ಬ ಮನುಷ್ಯ, ಅವನ ಹೆಂಡತಿ, ಅವಳ ತವರು ಎಲ್ಲವೂ ನಮ್ಮ ಕೈಯಿಂದ ಅಳಿಸಿಹೋಗುತ್ತವೆ.

ಇದನ್ನು ಬಿಡಿಸಲು ಹೆಸರಿನ ಬೆನ್ನು ಹತ್ತಬೇಡಿ, ಜಮೀನಿನ ಬೆನ್ನು ಹತ್ತಿ. ಹೆಸರು ಇಬ್ಬರಿಗೆ ಇರಬಹುದು, ಒಂದು ತುಂಡು ಭೂಮಿ ಒಂದೇ ಹೊತ್ತಿಗೆ ಸಂಬಂಧವಿಲ್ಲದ ಇಬ್ಬರದಾಗಿರುವುದು ಅಪರೂಪ. ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಮನೆತನವನ್ನೇ ಹಿಡಿಯೋಣ: ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರದು. ಅವರ ತಾತನ ಹೆಸರೂ ಅಬ್ರಹಾಂ ಲಿಂಕನ್. ತಂದೆ ಥಾಮಸ್. ತಾತನ ತಮ್ಮನೂ ಥಾಮಸ್. ದೊಡ್ಡಪ್ಪ ಮಾರ್ಡೆಕೈ, ತಾತನ ತಾತನೂ ಮಾರ್ಡೆಕೈ.

ಮೊದಲು ಒಂದು ಪಟ್ಟಿ

ವೃಕ್ಷ ಬರೆಯುವ ಸಾಫ್ಟ್‌ವೇರನ್ನು ಸದ್ಯಕ್ಕೆ ಮುಚ್ಚಿಡಿ. ಒಂದು ಸ್ಪ್ರೆಡ್‌ಶೀಟ್ ತೆರೆದು, ಪ್ರತಿ ದಾಖಲೆಗೂ ಒಂದು ಸಾಲು ಕೊಡಿ. ಬರೆದ ತಾರೀಕು, ಕೋರ್ಟಿನಲ್ಲಿ ನೋಂದಾಯಿಸಿದ ತಾರೀಕು, ಕೌಂಟಿ, ಈ ಹೆಸರಿನವನು ಅಲ್ಲಿ ಯಾರಾಗಿ ಬರುತ್ತಾನೆ (ಮಾರಿದವ, ಕೊಂಡವ, ಸಾಕ್ಷಿ, ಜೂರಿ, ಜಾಮೀನುದಾರ), ಹೆಂಡತಿಯ ಹೆಸರು, ಎಷ್ಟು ಎಕರೆ, ಯಾವ ಹಳ್ಳ, ಅಕ್ಕಪಕ್ಕದವರು ಯಾರು, ಸಾಕ್ಷಿಗಳು ಯಾರು, ರುಜು ಹಾಕಿದನೋ ಗುರುತು ಹಾಕಿದನೋ. ಕೊನೆಗೆ ‘ಯಾವ ಥಾಮಸ್’ ಎಂಬ ಒಂದು ಕಾಲಂ ಇರಲಿ, ಅದನ್ನು ಖಾಲಿ ಬಿಡಿ. ಎಲ್ಲ ಸಾಲು ತುಂಬುವವರೆಗೂ ಆ ಕಾಲಂ ಮುಟ್ಟಬಾರದು. ಮೊದಲೇ ತೀರ್ಮಾನ ಮಾಡಿಕೊಂಡು ಓದಿದರೆ ಪ್ರತಿ ಕಾಗದವೂ ನಮ್ಮವನದೇ ಅನ್ನಿಸತೊಡಗುತ್ತದೆ.

ಎರಡು ತಾರೀಕು ಬರೆದುಕೊಳ್ಳಿ ಎಂದದ್ದಕ್ಕೆ ಕಾರಣವಿದೆ. ಪತ್ರಕ್ಕೆ ರುಜು ಬಿದ್ದ ದಿನಕ್ಕೂ ಅದನ್ನು ಕ್ಲರ್ಕ್ ಪುಸ್ತಕಕ್ಕೆ ಏರಿಸಿದ ದಿನಕ್ಕೂ ಎಷ್ಟೋ ಸಲ ವರ್ಷಗಟ್ಟಲೆ ಅಂತರವಿರುತ್ತದೆ. ಮಾರಿದವನು ಆ ನಡುವೆ ತೀರಿಕೊಂಡಿರಬಹುದು. ನೋಂದಣಿಯ ದಿನ ಅವನು ಬದುಕಿದ್ದ ಎಂದು ತಿಳಿದರೆ ಲೆಕ್ಕ ತಪ್ಪುತ್ತದೆ. ‘ಮಾರಿದವನೇ ಕೋರ್ಟಿಗೆ ಬಂದು ಒಪ್ಪಿಕೊಂಡ’ ಎಂದಿದ್ದರೆ ಅವನು ಆ ದಿನ ಜೀವಂತ. ‘ಸಾಕ್ಷಿಗಳ ಪ್ರಮಾಣದ ಮೇಲೆ ರುಜುವಾತಾಯಿತು’ ಎಂದಿದ್ದರೆ ಅಷ್ಟು ಖಾತರಿ ಇಲ್ಲ.

1752ಕ್ಕೆ ಹಿಂದಿನ ತಾರೀಕುಗಳಲ್ಲಿ ಇನ್ನೊಂದು ತೊಡಕು. ಬ್ರಿಟಿಷ್ ವಸಾಹತುಗಳಲ್ಲಿ ಆಗ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1740ರ ಫೆಬ್ರವರಿ ಎಂದು ಬರೆದದ್ದು ನಮ್ಮ ಲೆಕ್ಕದಲ್ಲಿ 1741. ಹಾಗಾಗಿ ‘1740ರ ಫೆಬ್ರವರಿಯಲ್ಲಿ ಬರೆದ ಉಯಿಲು, 1740ರ ನವೆಂಬರಿನಲ್ಲಿ ಕೊಟ್ಟ ಕ್ರಯಪತ್ರ’ ಕಂಡರೆ ಕ್ರಯಪತ್ರವೇ ಮೊದಲಿನದು. ಮೂಲದಲ್ಲಿ ಹೇಗಿದೆಯೋ ಹಾಗೇ ಬರೆದು, ಪಕ್ಕದಲ್ಲಿ ತಿದ್ದಿದ ವರ್ಷ ಹಾಕಿ.

ಕೌಂಟಿಯ ಗಡಿ ನೋಡದೆ ಹುಡುಕಬೇಡಿ

ಮನುಷ್ಯ ಕೂತಲ್ಲೇ ಕೂತಿರುತ್ತಾನೆ, ಕೌಂಟಿ ಬದಲಾಗುತ್ತದೆ. ತಾತ ಅಬ್ರಹಾಂ ಲಿಂಕನ್ ಇದ್ದ ವರ್ಜೀನಿಯಾದ ಜಾಗ 1778ರವರೆಗೆ ಆಗಸ್ಟಾ ಕೌಂಟಿಯಲ್ಲಿತ್ತು, ಆಮೇಲೆ ರಾಕಿಂಗ್‌ಹ್ಯಾಂ ಆಯಿತು. ಕೆಂಟಕಿಯೇ ಮೊದಲು ವರ್ಜೀನಿಯಾದ ಒಂದು ಕೌಂಟಿ. 1780ರಲ್ಲಿ ಅದು ಜೆಫರ್ಸನ್, ಫಯೆಟ್, ಲಿಂಕನ್ ಎಂದು ಮೂರಾಗಿ ಒಡೆಯಿತು, 1792ರಲ್ಲಿ ಕೆಂಟಕಿ ರಾಜ್ಯವೇ ಆಯಿತು. (ಆ ಲಿಂಕನ್ ಕೌಂಟಿಗೆ ಹೆಸರು ಬಂದದ್ದು ಸೇನಾನಿ ಬೆಂಜಮಿನ್ ಲಿಂಕನ್ ಅವರಿಂದ. ಈ ಮನೆತನಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ಕಂಪ್ಯೂಟರ್ ಹುಡುಕಾಟದಲ್ಲಿ ಅದು ರಾಶಿ ರಾಶಿಯಾಗಿ ಬಂದು ಬೀಳುತ್ತದೆ.) ಷಿಕಾಗೋದ ನ್ಯೂಬೆರಿ ಲೈಬ್ರರಿ ತಯಾರಿಸಿದ ಹಳೆಯ ಕೌಂಟಿ ಗಡಿಗಳ ನಕ್ಷೆ ಉಚಿತವಾಗಿ ಸಿಗುತ್ತದೆ. ಪ್ರತಿ ದಾಖಲೆಯ ತಾರೀಕಿಗೆ ಆ ಜಾಗ ಯಾವ ಕೌಂಟಿಗೆ ಸೇರಿತ್ತು ಎಂದು ನೋಡಿಕೊಂಡೇ ಮುಂದೆ ಹೋಗಿ.

ಗಡಿಯ ಬಗ್ಗೆ ಅಸಡ್ಡೆ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಇದೇ ಮನೆತನದಲ್ಲಿ ಸಾಕ್ಷಿ ಇದೆ. ಅಧ್ಯಕ್ಷರ ತಂದೆತಾಯಿ ಥಾಮಸ್ ಮತ್ತು ನ್ಯಾನ್ಸಿ ಹ್ಯಾಂಕ್ಸ್ ಸಂಸಾರ ಹೂಡಿದ್ದು ಕೆಂಟಕಿಯ ಹಾರ್ಡಿನ್ ಕೌಂಟಿಯಲ್ಲಿ. ಮದುವೆಯ ದಾಖಲೆ ಅಲ್ಲಿ ಇರಲಿಲ್ಲ. ಮದುವೆಯೇ ಆಗಿರಲಿಲ್ಲ ಎಂಬ ಕೆಟ್ಟ ಮಾತು ಎಷ್ಟೋ ಕಾಲ ಹರಡಿತ್ತು. ಮದುವೆಯ ಮುಚ್ಚಳಿಕೆ (ಮದುವೆಗೆ ಅಡ್ಡಿಯಿಲ್ಲವೆಂದು ಜಾಮೀನಿನೊಂದಿಗೆ ಬರೆದುಕೊಟ್ಟ ಪತ್ರ) ಇದ್ದದ್ದು ಹೆಣ್ಣಿನ ಕಡೆಯವರ ವಾಷಿಂಗ್ಟನ್ ಕೌಂಟಿಯಲ್ಲಿ, 1806ರ ಜೂನ್ 10ರ ತಾರೀಕಿನಲ್ಲಿ. ಥಾಮಸ್ ಜೊತೆ ಅದಕ್ಕೆ ರುಜು ಹಾಕಿದವರು ರಿಚರ್ಡ್ ಬೆರ್ರಿ. ಮುಚ್ಚಳಿಕೆಯನ್ನು ಹೆಣ್ಣಿನ ಕೌಂಟಿಯಲ್ಲಿ ಹುಡುಕಬೇಕು ಎಂಬ ಒಂದು ಮಾತು ಗೊತ್ತಿದ್ದರೆ ಅರ್ಧ ಶ್ರಮ ಉಳಿಯುತ್ತದೆ. ಜಾಮೀನು ನಿಂತವರು ಯಾರು ಎಂದು ನೋಡಿದರೆ ಹೆಣ್ಣಿನ ಕಡೆಯ ದಾರಿಯೂ ತೆರೆಯುತ್ತದೆ.

ಕ್ರಯಪತ್ರವನ್ನು ಕೊನೆಯ ಸಾಲಿನವರೆಗೂ ಓದಿ

ಹೆಚ್ಚಿನವರು ಸೂಚಿಯಲ್ಲಿ ಹೆಸರು ಕಂಡು, ಮೊದಲ ನಾಲ್ಕು ಸಾಲು ಓದಿ ಬಿಟ್ಟುಬಿಡುತ್ತಾರೆ. ನಮಗೆ ಬೇಕಾದ್ದು ಇರುವುದು ಅದರ ಮುಂದೆ.

ಮಾರುವವನ ಹೆಸರಿನ ಪಕ್ಕ ಅವನ ಊರು, ಕಸುಬು ಇರುತ್ತದೆ: ಇಂಥ ಕೌಂಟಿಯ ರೈತ, ಕಮ್ಮಾರ, ಬಡಗಿ. ಸೀನಿಯರ್, ಜೂನಿಯರ್ ಎಂಬುದೂ ಅಲ್ಲೇ. ಇಲ್ಲಿ ಬಹಳ ಜನ ಎಡವುತ್ತಾರೆ. ಆ ಕಾಲದಲ್ಲಿ ಸೀನಿಯರ್ ಎಂದರೆ ಆ ನೆರೆಹೊರೆಯಲ್ಲಿ ಆ ಹೆಸರಿನ ಹಿರಿಯ, ಜೂನಿಯರ್ ಎಂದರೆ ಕಿರಿಯ, ಅಷ್ಟೇ. ಅಪ್ಪ ಮಗನೇ ಆಗಿರಬೇಕಿಲ್ಲ. ಚಿಕ್ಕಪ್ಪನೂ ಅಣ್ಣನ ಮಗನೂ ಆಗಿರಬಹುದು, ಏನೂ ಸಂಬಂಧ ಇಲ್ಲದವರೂ ಆಗಿರಬಹುದು. ಹಿರಿಯ ಸತ್ತರೆ ಅಥವಾ ಊರು ಬಿಟ್ಟರೆ ನಿನ್ನೆಯ ಜೂನಿಯರ್ ಇಂದು ಸೀನಿಯರ್. ಆದ್ದರಿಂದ ಆ ಬಾಲವನ್ನು ತಾರೀಕಿನ ಜೊತೆಗೇ ಬರೆದಿಡಿ.

ಆಮೇಲೆ ಬರುವುದು ಚಕ್ಕುಬಂದಿ. ಮೊದಲ 13 ರಾಜ್ಯಗಳಲ್ಲಿ, ಕೆಂಟಕಿ, ಟೆನೆಸಿಗಳಲ್ಲಿ ಭೂಮಿಯನ್ನು ಅಳೆದದ್ದು ಮರ, ಕಲ್ಲು, ಹಳ್ಳಗಳ ಗುರುತಿನಿಂದ. ‘ಹಳ್ಳದ ದಂಡೆಯ ಬಿಳಿ ಓಕ್ ಮರದಿಂದ ಉತ್ತರಕ್ಕೆ 40 ಡಿಗ್ರಿ ಪೂರ್ವವಾಗಿ 120 ಪೋಲ್ ನಡೆದು ಇಂಥವನ ಗಡಿಯ ಎರಡು ಹಿಕರಿ ಮರಗಳವರೆಗೆ’ ಎಂಬ ಧಾಟಿಯ ಒಕ್ಕಣೆ. ಒಂದು ಪೋಲ್ ಎಂದರೆ ಹದಿನಾರೂವರೆ ಅಡಿ, 160 ಚದರ ಪೋಲ್‌ಗೆ ಒಂದು ಎಕರೆ. ಇದನ್ನು ಗ್ರಾಫ್ ಹಾಳೆಯ ಮೇಲೆ ಸ್ಕೇಲು, ಕೋನಮಾಪಕ ಇಟ್ಟುಕೊಂಡು ಬಿಡಿಸಿ. ಈ ಕೆಲಸಕ್ಕೆ ಸಾಫ್ಟ್‌ವೇರ್ ಇದೆ, ಆದರೂ ಮೊದಲ ಒಂದೆರಡನ್ನು ಕೈಯಲ್ಲೇ ಬಿಡಿಸಿ ನೋಡಿ ಎನ್ನುವುದು ನನ್ನ ಒತ್ತಾಯ. ಅಳತೆಯ ಗೆರೆಗಳು ಕಾಗದದ ಮೇಲೆ ಕೂಡಿಕೊಂಡು ಒಂದು ಹೊಲದ ಆಕಾರ ಬಂದಾಗ, ಪಕ್ಕದ ಹೊಲದವನ ಪತ್ರದಲ್ಲಿ ಅದೇ ಓಕ್ ಮರ, ಅದೇ ಹಿಕರಿ ಜೋಡಿ ಸಿಕ್ಕಾಗ, ಇದು ಅದೇ ಜಮೀನು ಎನ್ನುವುದರಲ್ಲಿ ಸಂಶಯ ಉಳಿಯುವುದಿಲ್ಲ. ಒಂದು ಹೊಲ ಹಳ್ಳದ ಮೇಲ್ಭಾಗದಲ್ಲಿ, ಇನ್ನೊಂದು ಹತ್ತು ಮೈಲಿ ಕೆಳಗೆ ಎಂದು ಗೊತ್ತಾದರೆ ಇಬ್ಬರು ಜಾನ್‌ಗಳು ತಾವಾಗೇ ದೂರ ಸರಿಯುತ್ತಾರೆ.

ಕೆಳಗೆ ಸಾಕ್ಷಿಗಳು. ಸಾಕ್ಷಿ ಹಾಕಿದವರೆಲ್ಲ ನೆಂಟರೆಂದು ತಿಳಿಯಬೇಡಿ, ಕೋರ್ಟಿನ ಜಗಲಿಯಲ್ಲಿ ಸಿಕ್ಕವರೂ ಇರುತ್ತಾರೆ. ಆದರೆ ಒಂದೇ ಹೆಸರು ನಾಲ್ಕು ಪತ್ರಗಳಲ್ಲಿ ಮತ್ತೆ ಮತ್ತೆ ಬಂದರೆ ಅವನನ್ನು ಬಿಡಬೇಡಿ. ಜನ ಗುಂಪಾಗಿಯೇ ವಲಸೆ ಹೋಗುತ್ತಿದ್ದರು. ವರ್ಜೀನಿಯಾದಲ್ಲಿ ಒಬ್ಬ ಥಾಮಸ್‌ನ ಪತ್ರಕ್ಕೆ ಸಾಕ್ಷಿ ಹಾಕಿದ ನೆರೆಯವನೇ ಕೆಂಟಕಿಯಲ್ಲೂ ಅವನ ಪಕ್ಕದ ಹೊಲದಲ್ಲಿ ಸಿಗುವುದುಂಟು. ನೆರೆಹೊರೆ ಇಬ್ಬರಿಗೂ ಬೇರೆ ಬೇರೆಯಾಗಿರುತ್ತದೆ, ಹೆಸರು ಮಾತ್ರ ಒಂದು.

ರುಜು, ಗುರುತಿನ ಬಗ್ಗೆ ಒಂದು ಎಚ್ಚರಿಕೆ. ಡೀಡ್ ಪುಸ್ತಕದಲ್ಲಿ, ಅಂದರೆ ಕ್ರಯಪತ್ರಗಳನ್ನು ಏರಿಸಿದ ಪುಸ್ತಕದಲ್ಲಿ, ಇರುವುದು ಕ್ಲರ್ಕ್ ಮಾಡಿದ ನಕಲು, ಅಲ್ಲಿನ ಅಕ್ಷರ ಅವನದೇ. ಆದರೆ ಓದುಬರಹ ಬಾರದವನು ಹಾಕಿದ ಗುರುತನ್ನು ಕ್ಲರ್ಕ್‌ಗಳು ಸಾಮಾನ್ಯವಾಗಿ ಹಾಗೇ ಬಿಡಿಸುತ್ತಿದ್ದರು. ಒಬ್ಬ ವಿಲಿಯಂ ಯಾವಾಗಲೂ ಒಂದೇ ಬಗೆಯ ಗುರುತು ಹಾಕುತ್ತಾನೆ, ಇನ್ನೊಬ್ಬ ಪೂರ್ತಿ ಹೆಸರು ಬರೆಯುತ್ತಾನೆ ಎಂದರೆ ಅದು ಒಳ್ಳೆಯ ಸುಳಿವು. ಮುಪ್ಪಿನಲ್ಲಿ, ಕಾಯಿಲೆಯಲ್ಲಿ ರುಜು ಹಾಕುವವನೂ ಗುರುತಿಗೆ ಇಳಿಯುತ್ತಾನೆ, ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ.

ಹೆಂಡತಿ ಬಿಟ್ಟುಕೊಟ್ಟ ಹಕ್ಕು

ಒಂದೇ ಹೆಸರಿನವರನ್ನು ಬೇರ್ಪಡಿಸಲು ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಇದು. ಇಂಗ್ಲಿಷ್ ಕಾನೂನಿನಂತೆ ಗಂಡ ಸತ್ತರೆ ಅವನ ಜಮೀನಿನ ಮೂರನೇ ಒಂದು ಭಾಗದ ಮೇಲೆ ವಿಧವೆಗೆ ಜೀವಮಾನದ ಹಕ್ಕು, ಅದೇ ಡವರ್. ಗಂಡ ಮಾರಿದರೂ ಅವಳು ಬಿಟ್ಟುಕೊಡದೆ ಆ ಹಕ್ಕು ಹೋಗದು. ಆದ್ದರಿಂದ ಕೊಳ್ಳುವವನು ಅವಳ ಒಪ್ಪಿಗೆ ಕೇಳುತ್ತಿದ್ದ. ವರ್ಜೀನಿಯಾದಂಥ ಕಡೆ ನ್ಯಾಯಾಧೀಶರು ಅವಳನ್ನು ಗಂಡನಿಂದ ಬೇರೆ ಕರೆದು, ಬಲವಂತವಿಲ್ಲದೆ ಒಪ್ಪಿದ್ದೀಯಾ ಎಂದು ಕೇಳಿ ಬರೆಸುತ್ತಿದ್ದರು. ಹೆಂಗಸರ ಹೆಸರೇ ಸಿಗದ ಆ ಕಾಲದ ಕಾಗದಗಳಲ್ಲಿ ಅವಳ ಹೆಸರು ಉಳಿದಿರುವುದು ಹೀಗೆ.

ತಾತ ಅಬ್ರಹಾಂ ಲಿಂಕನ್‌ರ ಹೆಂಡತಿ ಯಾರು ಎಂಬ ಬಗ್ಗೆ ವಂಶಾವಳಿಕಾರರಲ್ಲಿ ಜಗಳವಿತ್ತು. ಮೇರಿ ಎಂದು ಕೆಲವರು, ಬಾತ್‌ಶೀಬಾ ಎಂದು ಕೆಲವರು. ಕೆಂಟಕಿಗೆ ಹೊರಡುವ ಮುಂಚೆ 1780ರಲ್ಲಿ ಅವರು ವರ್ಜೀನಿಯಾದ ಜಮೀನು ಮಾರಿದ ಪತ್ರದಲ್ಲಿ ಹೆಂಡತಿಯಾಗಿ ಬಂದಿರುವುದು ಬಾತ್‌ಶೀಬಾ.

ಹಾಗೆಯೇ ಇಬ್ಬರು ಥಾಮಸ್‌ರನ್ನು ನೋಡಿ. ತಾತನ ತಮ್ಮ ಥಾಮಸ್ ಇದ್ದದ್ದು ಲೆಕ್ಸಿಂಗ್ಟನ್ ಬಳಿ ಫಯೆಟ್ ಕೌಂಟಿಯಲ್ಲಿ, ಅವನ ಹೆಂಡತಿ ಎಲಿಜಬೆತ್, ಅವರಿಬ್ಬರ ಜಗಳ ಅಲ್ಲಿನ ಕೋರ್ಟ್ ಮೆಟ್ಟಿಲು ಹತ್ತಿತ್ತು. ಅಧ್ಯಕ್ಷರ ತಂದೆ ಥಾಮಸ್ 1803ರಲ್ಲಿ ಹಾರ್ಡಿನ್ ಕೌಂಟಿಯ ಮಿಲ್ ಕ್ರೀಕ್ ಹತ್ತಿರ 238 ಎಕರೆ ಕೊಂಡ. 1814ರಲ್ಲಿ ಅದನ್ನು ಮಾರುವಾಗ ಪತ್ರದಲ್ಲಿ ನ್ಯಾನ್ಸಿಯ ಗುರುತು ಇದೆ. ಇಬ್ಬರೂ ಒಂದೇ ಕಾಲದಲ್ಲಿ ಕೆಂಟಕಿಯಲ್ಲಿದ್ದ ಥಾಮಸ್ ಲಿಂಕನ್‌ಗಳೇ. ಕೌಂಟಿ ಮತ್ತು ಹೆಂಡತಿ ಎರಡನ್ನೂ ಪಟ್ಟಿಯಲ್ಲಿ ಹಾಕಿದ ಮೇಲೆ ಯಾವ ಕಾಗದ ಯಾರದೆಂದು ಹೇಳಬಹುದು. ನಿಮ್ಮ ಪಟ್ಟಿಯಲ್ಲೂ ಅವರಿಗೆ ‘ನ್ಯಾನ್ಸಿಯ ಥಾಮಸ್’, ‘ಎಲಿಜಬೆತಳ ಥಾಮಸ್’ ಎಂದೇ ಹೆಸರಿಡಿ.

ಎಕರೆಗೆ ಎಕರೆ ಲೆಕ್ಕ

ಒಬ್ಬನ ಜಮೀನಿಗೆ ಜಮಾ ಖರ್ಚು ಬರೆಯಿರಿ. ಬಂದದ್ದು ಎಷ್ಟು, ಹೋದದ್ದು ಎಷ್ಟು. ಕೊಂಡದ್ದಕ್ಕೆ ಪತ್ರವಿದ್ದು ಮಾರಿದ್ದಕ್ಕೆ ಇಲ್ಲದಿದ್ದರೆ ಆ ಭೂಮಿ ಉಯಿಲಿನಲ್ಲಿ ಹೋಗಿರಬೇಕು, ಪಾಲಾಗಿರಬೇಕು, ತೆರಿಗೆ ಬಾಕಿಗೆ ಹರಾಜಾಗಿರಬೇಕು, ಇಲ್ಲವೇ ದಾವೆಯಲ್ಲಿ ಕೈತಪ್ಪಿರಬೇಕು. ಮಾರಿದ್ದಕ್ಕೆ ಪತ್ರವಿದ್ದು ಕೊಂಡದ್ದಕ್ಕೆ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಅವನಿಗೆ ಆ ಜಮೀನು ಪಿತ್ರಾರ್ಜಿತವಾಗಿ ಬಂದಿರುವ ಸಾಧ್ಯತೆ ಹೆಚ್ಚು, ಅಂದರೆ ಅಪ್ಪ ಯಾರೆಂಬುದು ಆ ಹೊಲದ ಹಿಂದಿನ ಮಾಲೀಕರಲ್ಲೇ ಇದೆ. ಮಿಲ್ ಕ್ರೀಕ್‌ನ 238 ಎಕರೆ ಮಾರುವಾಗ 200 ಎಕರೆ ಎಂದಾಗಿತ್ತು, ಕಾರಣ ಸರ್ವೆಯ ದೋಷ. ಕೆಂಟಕಿಯಲ್ಲಿ ಒಂದರ ಮೇಲೊಂದು ಸರ್ವೆ ಬಿದ್ದು ಇಂಥ ತಕರಾರು ಮನೆಮನೆಯಲ್ಲಿತ್ತು. ಲೆಕ್ಕ ಸರಿಹೋಗಲಿಲ್ಲವೆಂದರೆ ಮುಂದೆ ನೋಡಬೇಕಾದ್ದು ಕೋರ್ಟಿನ ಪುಸ್ತಕ.

ಲೆಕ್ಕ ಮಾಡುವಾಗ ಆಯಾ ಕಾಲದ ವಾರಸಾ ಕಾನೂನು ತಿಳಿದಿರಬೇಕು. ತಾತ ಅಬ್ರಹಾಂ 1786ರ ಮೇ ತಿಂಗಳಲ್ಲಿ ಜೆಫರ್ಸನ್ ಕೌಂಟಿಯ ತಮ್ಮ ಹೊಲದಲ್ಲಿ ಕೊಲೆಯಾದರು. ಉಯಿಲು ಇರಲಿಲ್ಲ. ಆಗ ನಡೆಯುತ್ತಿದ್ದದ್ದು ಹಿರಿಮಗನಿಗೇ ಭೂಮಿಯೆಲ್ಲ ಎಂಬ ಕಾನೂನು. ವರ್ಜೀನಿಯಾ ಅದನ್ನು 1785ರಲ್ಲಿ ರದ್ದು ಮಾಡಿತ್ತಾದರೂ ಹೊಸ ಕಾನೂನು ಜಾರಿಗೆ ಬಂದದ್ದು 1787ರ ಜನವರಿ 1ಕ್ಕೆ. ಏಳೆಂಟು ತಿಂಗಳ ಅಂತರದಲ್ಲಿ ಭೂಮಿಯೆಲ್ಲ ಹಿರಿಯ ಮಾರ್ಡೆಕೈಗೆ ಹೋಯಿತು, ಕಿರಿಯ ಥಾಮಸ್‌ಗೆ ಏನೂ ಉಳಿಯಲಿಲ್ಲ. ಕ್ರಯಪತ್ರಗಳಲ್ಲಿ ಮಾರ್ಡೆಕೈ ಒಬ್ಬನೇ ಅಪ್ಪನ ಭೂಮಿ ಮಾರಿದ್ದು ಕಂಡು, ಥಾಮಸ್ ಆ ಮನೆಯ ಮಗನೇ ಅಲ್ಲ ಎಂದು ತೀರ್ಮಾನಿಸಿದರೆ ಎಂಥ ಅನ್ಯಾಯ! 1787ರ ಆಚೆಗಿನ ಸಾವಾದರೆ ಎಲ್ಲ ಮಕ್ಕಳೂ ಸೇರಿ ರುಜು ಹಾಕಿದ ಪತ್ರ ಸಿಗಬೇಕು ಎಂದು ನಿರೀಕ್ಷಿಸಬಹುದು. ಅಂಥ ಪತ್ರ ಒಂದು ಸಿಕ್ಕರೆ ಹೆಣ್ಣುಮಕ್ಕಳು, ಅಳಿಯಂದಿರು ಸಮೇತ ಇಡೀ ಮನೆ ಒಂದೇ ಹಾಳೆಯಲ್ಲಿ ಸಿಕ್ಕಂತೆ.

ಮನೆಯವರ ನೆನಪನ್ನೂ ಇದೇ ಲೆಕ್ಕಕ್ಕೆ ಹಚ್ಚಿ. ತಾತ 1781-82ರ ಸುಮಾರಿಗೆ ಕೆಂಟಕಿಗೆ ಬಂದು ಒಂದೆರಡು ವರ್ಷದಲ್ಲೇ ಸತ್ತರೆಂದು ಅಧ್ಯಕ್ಷರೇ ಬರೆದಿದ್ದಾರೆ. ಆದರೆ ಲಾಂಗ್ ರನ್ ಹಳ್ಳದ ಬಳಿ ಅವರ 400 ಎಕರೆಯ ಸರ್ವೆ ನಡೆದದ್ದು 1785ರ ಮೇ ತಿಂಗಳಲ್ಲಿ. ಆ ಕಾಗದಗಳಲ್ಲಿ ಹೆಸರು ಲಿಂಕ್‌ಹಾರ್ನ್ ಎಂದಿದೆ. ಕಾಗುಣಿತ ಬೇರೆಯಾದ ಮಾತ್ರಕ್ಕೆ ಮನುಷ್ಯ ಬೇರೆ ಎನ್ನುವಂತಿಲ್ಲ. ಬರೆದದ್ದು ಕ್ಲರ್ಕ್, ಕಿವಿಗೆ ಬಿದ್ದಂತೆ.

ಕೋರ್ಟಿನ ಪುಸ್ತಕಗಳು, ತೆರಿಗೆ ಪಟ್ಟಿಗಳು

ಕೌಂಟಿ ಕೋರ್ಟಿನ ಆದೇಶಗಳನ್ನು ಬರೆದಿಟ್ಟ ಆರ್ಡರ್ ಬುಕ್ಕುಗಳಿಗೆ ಬಹಳ ಸಲ ಸರಿಯಾದ ಸೂಚಿ ಇರುವುದಿಲ್ಲ, ಪುಟ ಪುಟ ತಿರುವಬೇಕು. ತಾಳ್ಮೆಗೆ ತಕ್ಕ ಫಲವಿದೆ. ರಸ್ತೆ ರಿಪೇರಿಗೆ ಯಾರ್ಯಾರು ಆಳು ಕೊಡಬೇಕೆಂಬ ಆದೇಶ ಎಂದರೆ ಆ ಬೀದಿಯ ಮನೆಗಳ ಪಟ್ಟಿಯೇ. ವಯಸ್ಸಾಯಿತೆಂದು ತಲೆಗಂದಾಯ ಮನ್ನಾ ಆದ ಜಾನ್, ಮರುವರ್ಷ ಜೂರಿಯಲ್ಲಿ ಕೂತ ಜಾನ್, ಹೊಸದಾಗಿ ಪೋಷಕನನ್ನು ಆರಿಸಿಕೊಂಡ ಜಾನ್, ಇವರು ಒಬ್ಬರೇ ಆಗಲು ಸಾಧ್ಯವಿಲ್ಲ. ಹುಡುಗರು 14 ತುಂಬಿದ ಮೇಲೆ ಪೋಷಕನನ್ನು ತಾವೇ ಆರಿಸಬಹುದಿತ್ತು. ಭೂಮಿ ಮಾರಲು, ಜೂರಿಯಲ್ಲಿ ಕೂರಲು 21 ಆಗಬೇಕು. ಜನನ ದಾಖಲೆ ಇಲ್ಲದ ಕಡೆ ವಯಸ್ಸು ಹಿಡಿಯಲು ಈ ಮೆಟ್ಟಿಲುಗಳೇ ಗತಿ. ‘ಅನಾಥ’ ಎಂದರೆ ಅಪ್ಪ ಸತ್ತವನು, ತಾಯಿ ಬದುಕಿರಬಹುದು. ‘ಶಿಶು’ ಎಂದರೆ 21 ತುಂಬದವನು, ಇಪ್ಪತ್ತರ ಹುಡುಗನೂ ಕಾಗದದಲ್ಲಿ ಶಿಶುವೇ.

ಚಾನ್ಸರಿ ಕೋರ್ಟಿನ ದಾವೆ ಸಿಕ್ಕರೆ ಉಳಿದದ್ದನ್ನೆಲ್ಲ ಬದಿಗಿಟ್ಟು ಅದನ್ನು ಓದಿ. ಪಾಲಿನ ವ್ಯಾಜ್ಯಗಳು ಹೆಚ್ಚಾಗಿ ಬರುವುದು ಅಲ್ಲಿ. ಯಾರು ಯಾರ ಮಗ, ಯಾರು ಯಾವಾಗ ಸತ್ತರು, ಯಾರು ಯಾವ ರಾಜ್ಯಕ್ಕೆ ಹೋದರು ಎಂದು ನೆರೆಯವರು ಪ್ರಮಾಣ ಮಾಡಿ ಹೇಳಿದ ಹೇಳಿಕೆಗಳಿರುತ್ತವೆ. ವರ್ಜೀನಿಯಾದ ಇಂಥ ಕಡತಗಳನ್ನು ರಿಚ್‌ಮಂಡ್‌ನ ರಾಜ್ಯ ಗ್ರಂಥಾಲಯ ದೊಡ್ಡ ಪ್ರಮಾಣದಲ್ಲಿ ಆನ್‌ಲೈನಿಗೆ ತಂದಿದೆ.

ತೆರಿಗೆ ಪಟ್ಟಿಗಳು ವರ್ಜೀನಿಯಾದಲ್ಲಿ 1782ರಿಂದ ಬಹುಮಟ್ಟಿಗೆ ಪ್ರತಿವರ್ಷದವೂ ಸಿಗುತ್ತವೆ. ಒಂದೇ ವರ್ಷದ ಪಟ್ಟಿಯಲ್ಲಿ ಹೆಸರು ಎರಡು ಸಲ ಬಂದರೆ ಇಬ್ಬರಿದ್ದಾರೆ ಎಂಬುದಕ್ಕೆ ಬಲವಾದ ಸುಳಿವು ಅದು. ಕುದುರೆ ಎಷ್ಟು, ಎಕರೆ ಎಷ್ಟು, ಯಾವ ಹಳ್ಳ ಎಂದು ವರ್ಷದಿಂದ ವರ್ಷಕ್ಕೆ ಹೋಲಿಸಿ. ಕೆಂಟಕಿಯ ಹಳೆಯ ಪಟ್ಟಿಗಳಲ್ಲಿ ಹಳ್ಳದ ಹೆಸರಿಗೇ ಒಂದು ಕಾಲಂ ಇದೆ. ಕೋರ್ಟ್ ಸುಟ್ಟುಹೋದ ಕಡೆಯೂ ಈ ಪಟ್ಟಿಗಳು ರಾಜಧಾನಿಯಲ್ಲಿ ಉಳಿದಿರುವುದುಂಟು. ರಾಕಿಂಗ್‌ಹ್ಯಾಂನ ಡೀಡ್ ಪುಸ್ತಕಗಳಿಗೆ 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ವೇಳೆ, ಬೆಂಕಿ ತಗುಲಿ ಬಹಳಷ್ಟು ಹಾಳಾಗಿವೆ, ಆದರೂ ಅಲ್ಲಿನ ಕೆಲಸ ಪೂರ್ತಿ ನಿಲ್ಲುವುದಿಲ್ಲ.

ಗುಲಾಮರಾಗಿದ್ದವರ ಹೆಸರು

ಈ ಕ್ರಯಪತ್ರ, ದಾನಪತ್ರ, ಅಡಮಾನ, ಸತ್ತವನ ಆಸ್ತಿಪಟ್ಟಿಗಳಲ್ಲಿ ಮನುಷ್ಯರನ್ನೂ ದನಕರುಗಳ ಜೊತೆಗೇ ಬರೆದಿದ್ದಾರೆ: ಒಂಟಿ ಹೆಸರು, ಕೆಲವೊಮ್ಮೆ ವಯಸ್ಸು, ಪಕ್ಕದಲ್ಲಿ ಬೆಲೆ. ಓದುವಾಗ ಹೊಟ್ಟೆ ತೊಳಸುತ್ತದೆ, ಆದರೂ ದಾಟಿ ಹೋಗಬಾರದು. ಅಪ್ಪನ ಉಯಿಲಿನಲ್ಲಿ ಬಂದ ಗುಲಾಮ ತಾಯಿ ಮಕ್ಕಳ ಹೆಸರುಗಳು ಹತ್ತು ವರ್ಷದ ನಂತರ ಇನ್ನೊಂದು ಕೌಂಟಿಯ ಜಾನ್‌ನ ಆಸ್ತಿಪಟ್ಟಿಯಲ್ಲಿ ಹಾಗೇ ಬಂದರೆ, ಆ ಮಗ ಇವನೇ ಎಂದು ಹೇಳಲು ಅದು ಬಲವಾದ ಆಧಾರ. ಅದಕ್ಕಿಂತ ಮುಖ್ಯವಾದದ್ದು, ಗುಲಾಮರಾಗಿದ್ದವರ ವಂಶಜರಿಗೆ 1870ರ ಗಣತಿಗೆ ಹಿಂದೆ ತಮ್ಮವರ ಹೆಸರು ಸಿಗುವ ಜಾಗಗಳು ಬಹಳ ಕಡಿಮೆ. ಇಂಥ ಕಾಗದಗಳು ಅವುಗಳಲ್ಲಿ ಮುಖ್ಯ. ಇಬ್ಬರು ಯಜಮಾನರನ್ನು ನಾವು ಒಬ್ಬನೆಂದು ಕಲಸಿಬಿಟ್ಟರೆ ಆ ವಂಶಜರ ದಾರಿಯೂ ತಪ್ಪುತ್ತದೆ. ಪ್ರತಿಯೊಂದು ಹೆಸರನ್ನೂ, ಪುಟಸಂಖ್ಯೆ ಸಮೇತ, ನಿಮ್ಮ ಪಟ್ಟಿಯಲ್ಲಿ ಬರೆದಿಡಿ.

ಎಲ್ಲಿ ಹುಡುಕುವುದು, ಹೇಗೆ ಮುಗಿಸುವುದು

ವಂಶಾವಳಿ ದಾಖಲೆಗಳ ಫ್ಯಾಮಿಲಿಸರ್ಚ್ ತಾಣದಲ್ಲಿ ಖಾತೆ ತೆರೆಯಲು ದುಡ್ಡಿಲ್ಲ, ಬೆಂಗಳೂರಿನಿಂದಲೂ ನೋಡಬಹುದು. ಹಳೆಯ ಕೈಬರಹವನ್ನು ಯಂತ್ರವೇ ಓದಿ ಪದಗಳಲ್ಲಿ ಹುಡುಕಿಕೊಡುವ ಸೌಲಭ್ಯ 2024ರಿಂದ ಅಲ್ಲಿದೆ, ಅಮೆರಿಕದ ಡೀಡ್ ಮತ್ತು ಉಯಿಲು ಪುಸ್ತಕಗಳಿಂದಲೇ ಅದು ಶುರುವಾದದ್ದು. ಸೂಚಿಯಲ್ಲಿ ಎಂದೂ ಬಾರದ ಸಾಕ್ಷಿಗಳು, ನೆರೆಯವರು ಈಗ ಕೈಗೆ ಸಿಗುತ್ತಾರೆ. ನಿಮ್ಮವನ ಹೆಸರಿಗಿಂತ ಅವನ ನೆರೆಯವನ ಅಪರೂಪದ ಹೆಸರನ್ನೋ ಹಳ್ಳದ ಹೆಸರನ್ನೋ ಹಾಕಿ ಹುಡುಕಿ. ಯಂತ್ರ ಓದಿದ್ದನ್ನು ನಂಬದೆ ಮೂಲ ಚಿತ್ರ ತೆರೆದು ಓದಿ.

ಪಟ್ಟಿ ತುಂಬಿದ ಮೇಲೆ ಖಾಲಿ ಬಿಟ್ಟ ಕಾಲಂಗೆ ಬನ್ನಿ. ಹೆಂಡತಿ, ಹಳ್ಳ, ನೆರೆಯವರು ಖಚಿತವಾಗಿ ಕೂಡಿಬರುವ ಸಾಲುಗಳನ್ನು ಮೊದಲು ಹಂಚಿ. ಆಮೇಲೆ ಪ್ರತಿಯೊಬ್ಬನ ಸಾಲುಗಳನ್ನೂ ತಾರೀಕಿನ ಪ್ರಕಾರ ಜೋಡಿಸಿ, ಅವನ ಬದುಕನ್ನು ಒಂದು ಪುಟದಲ್ಲಿ ಬರೆಯಿರಿ. ಬರೆಯುವಾಗ ತಪ್ಪು ಹೊರಬೀಳುತ್ತದೆ: ಸತ್ತ ಮೇಲೆ ಜಮೀನು ಮಾರಿದವನು, ಹದಿನೈದನೇ ವಯಸ್ಸಿಗೆ ಜೂರಿಯಲ್ಲಿ ಕೂತವನು. ಹಾಗೆ ಕಂಡರೆ ಆ ಸಾಲು ಇನ್ನೊಬ್ಬನದು, ಅಥವಾ ನಿಮಗೆ ಇನ್ನೂ ಗೊತ್ತಾಗದ ಮೂರನೆಯವನದು. ಯಾರಿಗೂ ಸೇರದ ಸಾಲುಗಳು ಕೆಲವು ಉಳಿದೇ ಉಳಿಯುತ್ತವೆ. ಅವನ್ನು ಯಾರ ಲೆಕ್ಕಕ್ಕೂ ತುರುಕಬೇಡಿ, ‘ಯಾರದೆಂದು ಗೊತ್ತಿಲ್ಲ’ ಎಂದು ಹಾಗೇ ಇಡಿ. ಆನ್‌ಲೈನ್ ವೃಕ್ಷಕ್ಕೆ ಹೆಸರು ಏರಿಸುವಾಗ ಆ ಒಂದು ಪುಟದ ಕಾರಣಗಳನ್ನೂ ಹೆಸರಿನ ಜೊತೆ ಲಗತ್ತಿಸಿ. ಮುಂದೆ ಬರುವವರು ಇಬ್ಬರನ್ನು ಮತ್ತೆ ಒಂದಾಗಿಸಲು ಹೊರಟರೆ ಮೊದಲು ಆ ಪುಟಕ್ಕೆ ಉತ್ತರ ಹೇಳಬೇಕಾಗುತ್ತದೆ.